ಮಾತಿಗೆ ಎಷ್ಟು ಬಿಟ್‌ರೇಟ್ ಸಾಕು, ಹಾಡಿಗೆ ಎಷ್ಟು ಬೇಕು? 60 ಗಂಟೆ ರೆಕಾರ್ಡಿಂಗ್ ಕುಗ್ಗಿಸಬೇಕಿದೆ

ಹಳೇಟೇಪು

ಎಲ್ಲರಿಗೂ ನಮಸ್ಕಾರ. ನನ್ನ ಹತ್ರ ಸುಮಾರು 60 ಗಂಟೆಯಷ್ಟು ರೆಕಾರ್ಡಿಂಗ್ ಇದೆ. ಅರ್ಧ ಬರೀ ಮಾತು. ಅಜ್ಜಿ ಹೇಳಿದ ಕತೆಗಳು, ಅಪ್ಪನ ನೆನಪುಗಳು, ಇಬ್ಬರು ಮೂವರು ಕೂತು ಹರಟಿದ್ದು. ಇನ್ನರ್ಧ ಹಾಡು. ಹಾಡುವವರ ಜೊತೆ ತಂಬೂರಿ, ತಬಲಾ, ತಾಳ, ಅಲ್ಲಲ್ಲಿ ಕೊಳಲು. ಮಾತೆಲ್ಲ ಹೆಚ್ಚಾಗಿ ಕ್ಯಾಸೆಟ್‌ನಿಂದ ಇಳಿಸಿದ್ದು, ಹಾಡು ನಾನೇ ಕೈ ರೆಕಾರ್ಡರ್‌ನಲ್ಲಿ ಹಿಡಿದದ್ದು. ಎಲ್ಲವೂ ವೇವ್ ಫೈಲ್ (ಕುಗ್ಗಿಸದೆ ಇಟ್ಟ ಸದ್ದು), 44.1 ಕಿಲೋಹರ್ಟ್ಸ್, 16 ಬಿಟ್, ಸ್ಟೀರಿಯೋ. ಒಟ್ಟು 38 ಜಿಬಿ.

ಮನೆಯವರೆಲ್ಲ ಫೋನಿನಲ್ಲಿ ಕೇಳುವ ಹಾಗೆ ಮಾಡಿ ಹಂಚಬೇಕು. ಯಾವ ಫಾರ್ಮ್ಯಾಟ್, ಎಷ್ಟು ಬಿಟ್‌ರೇಟ್ (ಒಂದು ಸೆಕೆಂಡಿನ ಸದ್ದಿಗೆ ಎಷ್ಟು ಬಿಟ್) ಅಂತ ಸರಿಯಾಗಿ ತಿಳಿದುಕೊಂಡೇ ಶುರು ಮಾಡೋಣ ಅಂತಿದ್ದೇನೆ. ಕಾರಣ ಇದೆ. ಮೂರು ವರ್ಷದ ಹಿಂದೆ ಮೊದಲ ನಾಲ್ಕು ಕ್ಯಾಸೆಟ್ ಇಳಿಸಿದಾಗ, ಮಾತು ತಾನೆ, ಸಣ್ಣದು ಸಾಕು ಅಂತ 32 ಕೆಬಿಪಿಎಸ್ ಎಂಪಿ3 ಮಾಡಿದೆ. ಜಾಗ ಉಳಿಸಲು ವೇವ್ ಫೈಲ್ ಅಳಿಸಿದೆ. ಆಮೇಲೆ ಆ ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿಯಿತು, ಟೇಪು ಅಂಟಿಕೊಂಡು ಹರಿದುಹೋಯಿತು. ಈಗ ಉಳಿದಿರುವುದು ಆ ಎಂಪಿ3 ಮಾತ್ರ. ಅಜ್ಜಿ "ಸಂಜೆ" ಅಂದಾಗ ಆ ಸ-ಕಾರ ನೀರೊಳಗಿಂದ ಬಂದ ಹಾಗೆ ಗುಳುಗುಳು ಅನ್ನುತ್ತದೆ. ಉಸಿರೆಳೆದುಕೊಳ್ಳುವ ಸದ್ದು ಪೂರ್ತಿ ಹೋಗಿದೆ. ಈ ಸಲ ಹಾಗೆ ಆಗಬಾರದು.

ಮೂರನೇತಂತಿ

ಓದಿ ಸಂಕಟವಾಯಿತು. ಆದರೆ ನಿಮ್ಮ ಕತೆಯಲ್ಲೇ ಅರ್ಧ ಉತ್ತರ ಇದೆ. 32 ಅನ್ನುವುದು ಸಣ್ಣ ತಪ್ಪು. ವೇವ್ ಅಳಿಸಿದ್ದು ದೊಡ್ಡ ತಪ್ಪು. ವೇವ್ ಉಳಿದಿದ್ದರೆ ಇವತ್ತು ಹತ್ತು ನಿಮಿಷದಲ್ಲಿ ಹೊಸ ಪ್ರತಿ ತೆಗೆಯಬಹುದಿತ್ತು, ಅಲ್ವಾ?

ಹಾಗಾಗಿ ಮೊದಲು ಎರಡು ಕೆಲಸ ಬೇರೆ ಮಾಡಿಕೊಳ್ಳಿ. ಇಡುವ ಪ್ರತಿ ಒಂದು, ಕೇಳುವ ಪ್ರತಿ ಇನ್ನೊಂದು. ಇಡುವ ಪ್ರತಿಯಲ್ಲಿ ಒಂದು ಬಿಟ್ ಕೂಡ ಹೋಗಬಾರದು. ಅದಕ್ಕೆ ಫ್ಲಾಕ್ ಬಳಸಿ. 2001ರಿಂದ ಬಳಕೆಯಲ್ಲಿದೆ, ಮುಕ್ತ ಫಾರ್ಮ್ಯಾಟ್. ಜಿಪ್ ಮಾಡಿದ ಕಡತವನ್ನು ಬಿಚ್ಚಿದರೆ ಅಕ್ಷರ ಅಕ್ಷರವೂ ವಾಪಸ್ ಬರುವ ಹಾಗೆ, ಫ್ಲಾಕ್ ಬಿಚ್ಚಿದರೆ ಅದೇ ಸ್ಯಾಂಪಲ್‌ಗಳು (ಸದ್ದಿನ ಅಲೆಯನ್ನು ಕ್ಷಣಕ್ಷಣಕ್ಕೂ ಅಳೆದ ಅಂಕಿಗಳು) ವಾಪಸ್ ಬರುತ್ತವೆ. ಸಾಮಾನ್ಯವಾಗಿ ವೇವ್‌ನ ಅರ್ಧದಿಂದ ಮುಕ್ಕಾಲಿನ ಒಳಗೆ ನಿಲ್ಲುತ್ತದೆ. ಟೇಪಿನ ಹಿಸ್ ಜಾಸ್ತಿ ಇರುವ ಫೈಲು ಅಷ್ಟು ಕುಗ್ಗುವುದಿಲ್ಲ. ಹಿಸ್ ಅಂದ್ರೆ ಮುಂದಿನದನ್ನು ಊಹಿಸಲಾಗದ ಸದ್ದು. ಊಹಿಸಲಾಗದ್ದನ್ನು ಕುಗ್ಗಿಸುವುದು ಕಷ್ಟ.

0ರಿಂದ 8ರವರೆಗೆ ಲೆವೆಲ್ ಕೇಳುತ್ತದೆ. ಅದು ಗುಣಮಟ್ಟದ ಅಂಕಿ ಅಂತ ತುಂಬ ಜನ ತಿಳಿದಿರುತ್ತಾರೆ. ಅಲ್ಲ. 0 ಆದರೂ 8 ಆದರೂ ಬರುವ ದನಿ ಒಂದೇ. 8ರಲ್ಲಿ ಕಂಪ್ಯೂಟರ್ ಸ್ವಲ್ಪ ಜಾಸ್ತಿ ಹೊತ್ತು ಯೋಚಿಸಿ ಸ್ವಲ್ಪ ಚಿಕ್ಕ ಫೈಲ್ ಕೊಡುತ್ತದೆ. ತಾನಾಗಿ ಬರುವುದು 5, ಅದನ್ನೇ ಬಿಡಿ.

ಕೇಳುವ ಪ್ರತಿಗೆ ಆಮೇಲೆ ಬರೋಣ. ಮೂಲ ಭದ್ರವಾಗಿದ್ದರೆ ಅಲ್ಲಿ ಧೈರ್ಯವಾಗಿ ಪ್ರಯೋಗ ಮಾಡಬಹುದು.

ಬಿಟ್‌ಬುಟ್ಟಿ

ಹಾಡಿಗೆ ಫ್ಲಾಕ್ ಒಪ್ಪುತ್ತೇನೆ. 30 ಗಂಟೆ ಕ್ಯಾಸೆಟ್ ಮಾತಿಗೂ ಫ್ಲಾಕ್ ಬೇಕಾ? ಕ್ಯಾಸೆಟ್‌ನಲ್ಲಿ ಮೊದಲೇ ಅಷ್ಟೊಂದು ವಿವರ ಇರುವುದಿಲ್ಲ. ಓಪಸ್ ಅನ್ನುವ ಫಾರ್ಮ್ಯಾಟ್‌ನಲ್ಲಿ 32 ಕೆಬಿಪಿಎಸ್ ಮೋನೋ (ಒಂದೇ ಚಾನೆಲ್) ಮಾಡಿಟ್ಟರೆ ಗಂಟೆಗೆ 14 ಎಂಬಿ ಚಿಲ್ಲರೆ. 30 ಗಂಟೆಗೆ ಅರ್ಧ ಜಿಬಿಯೂ ಆಗುವುದಿಲ್ಲ. ನಾನು ವರ್ಷಗಳಿಂದ ಉಪನ್ಯಾಸಗಳನ್ನು ಹೀಗೇ ಇಟ್ಟುಕೊಂಡಿದ್ದೇನೆ. ಮಾತು ಅರ್ಥವಾಗಲಿಲ್ಲ ಅಂತ ಒಂದು ಸಲವೂ ಆಗಿಲ್ಲ.

ಮೂರನೇತಂತಿ

ಉಪನ್ಯಾಸದಲ್ಲಿ ನಿಮಗೆ ಬೇಕಾದದ್ದು ವಿಷಯ. ಅಜ್ಜಿಯ ದನಿಯಲ್ಲಿ ಬೇಕಾದದ್ದು ಅಜ್ಜಿ. ಅದೇ ವ್ಯತ್ಯಾಸ.

ಇನ್ನೊಂದು ಮಾತು. ಕ್ಯಾಸೆಟ್ ರೆಕಾರ್ಡಿಂಗನ್ನು ಮುಂದೊಂದು ದಿನ ಶುಚಿ ಮಾಡಬೇಕು ಅನ್ನಿಸಬಹುದು. ಹಿಸ್ ತೆಗೆಯುವ ಸಾಧನಗಳು ಹಿಸ್‌ನ ಸ್ವರೂಪ ನೋಡಿಯೇ ಕೆಲಸ ಮಾಡುತ್ತವೆ. ನಷ್ಟದ ಕೊಡೆಕ್ (ಎಂಪಿ3, ಓಪಸ್ ಹಾಗೆ ಸದ್ದಿನ ಸ್ವಲ್ಪ ಭಾಗ ಬಿಟ್ಟು ಕುಗ್ಗಿಸುವ ವಿಧಾನ) ಮೊದಲು ಕೆಡಿಸುವುದೇ ಆ ಹಿಸ್ಸನ್ನು. ಒಂದು ಕ್ಷಣ ಇರುತ್ತದೆ, ಮರುಕ್ಷಣ ಇಲ್ಲ. ಹಾಗೆ ಚಿಂದಿಯಾದ ಮೇಲೆ ಶುಚಿ ಮಾಡಲು ಹೋದರೆ ದನಿಯೂ ಕಿತ್ತುಬರುತ್ತದೆ.

ಹಳೇಟೇಪು

ಇಡುವುದು ಫ್ಲಾಕ್‌ನಲ್ಲೇ, ನಿರ್ಧಾರ ಆಯಿತು. ಆದರೆ ಒಂದು ಅರ್ಥವಾಗಲಿಲ್ಲ. ನನ್ನ ಎಂಪಿ3 ಕೂಡ 32, ಬಿಟ್‌ಬುಟ್ಟಿ ಹೇಳುವ ಓಪಸ್ ಕೂಡ 32. ನನ್ನದು ಹಾಳಾಯಿತು, ಅವರದು ಚೆನ್ನಾಗಿದೆ. ಅಂಕಿ ಒಂದೇ ಆದರೆ ಹೇಗೆ?

ಕಿವಿಗೊಟ್ಟವ

ಬಿಟ್‌ರೇಟ್ ಅಂದ್ರೆ ಖರ್ಚಿಗೆ ಕೊಟ್ಟ ಹಣ ಅಷ್ಟೇ. ಖರ್ಚು ಮಾಡುವವನ ಜಾಣತನ ಅದರಲ್ಲಿ ಕಾಣುವುದಿಲ್ಲ. ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ನಿಮ್ಮ ಫೈಲು ಸ್ಟೀರಿಯೋ, 44.1 ಅಂತಲೇ ಇರಬೇಕು, ನೋಡಿ ಹೇಳಿ.

ಎಂಪಿ3 ಸದ್ದನ್ನು 576 ಸ್ಯಾಂಪಲ್‌ಗಳ ತುಂಡು ಮಾಡಿಕೊಳ್ಳುತ್ತದೆ. 44.1 ಕಿಲೋಹರ್ಟ್ಸ್‌ನಲ್ಲಿ ಸೆಕೆಂಡಿಗೆ ಸುಮಾರು 76 ತುಂಡು. 32 ಕೆಬಿಪಿಎಸ್ ಅಂದ್ರೆ ಸೆಕೆಂಡಿಗೆ 32,000 ಬಿಟ್. ಭಾಗಿಸಿದರೆ ತುಂಡಿಗೆ ಸುಮಾರು 418 ಬಿಟ್. ಎರಡು ಚಾನೆಲ್ ಇದ್ದರೆ ಆ 418 ಬಿಟ್‌ನಲ್ಲಿ 1,152 ಅಂಕಿಗಳನ್ನು ಬರೆಯಬೇಕು. ಒಂದೊಂದು ಅಂಕಿಗೆ ಅರ್ಧ ಬಿಟ್ಟೂ ಸಿಗುವುದಿಲ್ಲ. ಆಗ ಎನ್ಕೋಡರ್ (ಕುಗ್ಗಿಸುವ ಪ್ರೋಗ್ರಾಂ) ಏನು ಮಾಡುತ್ತದೆ? ಮೇಲಿನ ಆವರ್ತನಗಳನ್ನು ಸೊನ್ನೆ ಮಾಡುತ್ತದೆ. ಮುಂದಿನ ತುಂಡಿನಲ್ಲಿ ಸ್ವಲ್ಪ ಬಿಟ್ ಉಳಿದರೆ ಅವನ್ನು ಮತ್ತೆ ಬರೆಯುತ್ತದೆ. ಹೀಗೆ ಇದೆ, ಇಲ್ಲ, ಇದೆ, ಇಲ್ಲ ಅಂತ ಸೆಕೆಂಡಿಗೆ ಹತ್ತಾರು ಸಲ ಆಗುವುದೇ ನೀವು ಕೇಳುವ ಗುಳುಗುಳು.

ಅದು ಸ-ಕಾರದಲ್ಲೇ ಯಾಕೆ ಎದ್ದು ಕೇಳುತ್ತದೆ ಅಂದ್ರೆ, ಸ ಅನ್ನುವುದು ಹೆಚ್ಚುಕಡಿಮೆ ಶುದ್ಧ ಗಾಳಿಯ ಸದ್ದು. ಅದರ ಬಲವೆಲ್ಲ 4, 5 ಕಿಲೋಹರ್ಟ್ಸ್‌ನಿಂದ ಮೇಲೆ. ಶ ಸ್ವಲ್ಪ ಕೆಳಗೆ, ಸುಮಾರು 3ರಿಂದಲೇ ಶುರು. ಹಳೆಯ ದೂರವಾಣಿ 3.4 ಕಿಲೋಹರ್ಟ್ಸ್‌ಗೆ ಕತ್ತರಿಸುತ್ತಿತ್ತು. ಅದಕ್ಕೇ ಹೆಸರು ಹೇಳುವಾಗ "ಸ, ಸರಸ್ವತಿಯ ಸ" ಅಂತ ಬಿಡಿಸಿ ಹೇಳಬೇಕಾಗುತ್ತಿತ್ತು. ಸ್ವರಗಳು ಕಡಿಮೆ ಬಿಟ್‌ನಲ್ಲೂ ಉಳಿದುಕೊಳ್ಳುತ್ತವೆ. ಸ, ಶ, ಷ, ಚ, ಹ, ಆಮೇಲೆ ಉಸಿರು, ಇವು ಮೊದಲು ಹೋಗುತ್ತವೆ.

ಓಪಸ್ 2012ರಲ್ಲಿ ಇಂಟರ್ನೆಟ್ ಮಾನಕವಾದದ್ದು. ಅದರೊಳಗೆ ಎರಡು ಯಂತ್ರ ಇವೆ. ಸ್ಕೈಪ್‌ನವರು ಮಾತಿಗೆ ಅಂತಲೇ ಮಾಡಿದ ಸಿಲ್ಕ್ ಒಂದು, ಸಂಗೀತಕ್ಕೂ ಒಗ್ಗುವ ಸೆಲ್ಟ್ ಇನ್ನೊಂದು. ಸಿಲ್ಕ್ ಗಂಟಲು, ಬಾಯಿ ಹೇಗೆ ಸದ್ದು ಮಾಡುತ್ತವೆ ಅನ್ನುವ ಮಾದರಿ ಇಟ್ಟುಕೊಂಡು ಬರೆಯುತ್ತದೆ. ಸೆಲ್ಟ್ ಇನ್ನೊಂದು ಒಳ್ಳೆಯ ಕೆಲಸ ಮಾಡುತ್ತದೆ: ಆವರ್ತನಗಳ ಪ್ರತಿ ಪಟ್ಟಿಯಲ್ಲಿ ಎಷ್ಟು ಬಲ ಇತ್ತೋ ಅಷ್ಟನ್ನು ಕಾಪಾಡುತ್ತದೆ. ವಿವರ ತಪ್ಪಬಹುದು, ಆದರೆ ಪಟ್ಟಿ ಖಾಲಿಯಾಗುವುದಿಲ್ಲ. ಅದಕ್ಕೇ ಸ-ಕಾರ ಒರಟಾಗಬಹುದೇ ಹೊರತು ಗುಳುಗುಳು ಆಗುವುದು ಕಡಿಮೆ.

ಹಳೇಟೇಪು

ನೋಡಿದೆ. ಸ್ಟೀರಿಯೋ, 44.1 ಅಂತಲೇ ಇದೆ. ಒಬ್ಬರೇ ಮಾತಾಡಿದ್ದಕ್ಕೆ ಎರಡು ಚಾನೆಲ್!

ಓದುದನಿ

ನಾನು ಕಣ್ಣು ಕಾಣದವರಿಗಾಗಿ ಪಾಠ ಓದಿ ರೆಕಾರ್ಡ್ ಮಾಡುತ್ತೇನೆ. ಆರು ವರ್ಷದಿಂದ ಮಾತು ಮಾತ್ರವೇ ನನ್ನ ಕೆಲಸ. ಹಾಗಾಗಿ ಮಾತಿನ ಸೆಟ್ಟಿಂಗ್ ಬಗ್ಗೆ ಧೈರ್ಯವಾಗಿ ಹೇಳುತ್ತೇನೆ.

ಮೊದಲು ಮೋನೋ ಮಾಡಿ. ಒಂದೇ ದನಿಗೆ ಇದಕ್ಕಿಂತ ದೊಡ್ಡ ಉಳಿತಾಯ ಬೇರೆ ಇಲ್ಲ. ಅಷ್ಟೇ ಬಿಟ್‌ರೇಟ್‌ನಲ್ಲಿ ದನಿಗೆ ಸಿಗುವ ಬಿಟ್ ಹೆಚ್ಚುಕಡಿಮೆ ಎರಡು ಪಟ್ಟು ಆಗುತ್ತದೆ.

ಎಲ್ಲ ಯಂತ್ರದಲ್ಲೂ ಓಡಬೇಕು ಅಂದ್ರೆ ಎಂಪಿ3, 64 ಕೆಬಿಪಿಎಸ್, ಮೋನೋ. ಗಂಟೆಗೆ 28.8 ಎಂಬಿ. ಇದಕ್ಕಿಂತ ಕೆಳಗೆ ಎಂಪಿ3 ಇಳಿಸಬೇಡಿ. ಇಳಿಸಲೇಬೇಕು ಅಂದ್ರೆ ಸ್ಯಾಂಪಲ್ ರೇಟ್ ಕೂಡ 22.05ಕ್ಕೆ ಇಳಿಸಿ. ಮೇಲಿನ ಆವರ್ತನ ಒಂದೇ ಸಮನೆ ಇಲ್ಲದಿದ್ದರೆ ಕಿವಿ ಒಗ್ಗಿಕೊಳ್ಳುತ್ತದೆ. ಬಂದು ಹೋಗಿ ಮಾಡಿದರೆ ಅರ್ಧ ಗಂಟೆಯಲ್ಲಿ ತಲೆನೋವು ಬರುತ್ತದೆ. ಇದು ನನ್ನ ಕೇಳುಗರು ಹೇಳಿದ ಮಾತು. ದಿನಕ್ಕೆ ನಾಲ್ಕೈದು ಗಂಟೆ ಕೇಳುವವರು ಅವರು. ದಣಿವು ಅನ್ನುವುದು ಅವರಿಗೆ ದೊಡ್ಡ ವಿಷಯ.

ಹೊಸ ಫೋನುಗಳಿಗೆ ಮಾತ್ರ ಅಂದ್ರೆ ಓಪಸ್. 24 ಮೋನೋದಲ್ಲಿ ಮಾತು ಸ್ಪಷ್ಟ. 32ರಲ್ಲಿ ಆರಾಮ. 40ಕ್ಕಿಂತ ಮೇಲೆ ಮಾತಿಗೆ ನನಗೆ ವ್ಯತ್ಯಾಸ ಸಿಕ್ಕಿಲ್ಲ.

ಲಿಬ್ರಿವಾಕ್ಸ್ ಅನ್ನುವ ಮುಕ್ತ ಆಡಿಯೋ ಪುಸ್ತಕಗಳ ಯೋಜನೆ ಓದುಗರಿಂದ ಕೇಳುವುದು 128 ಕೆಬಿಪಿಎಸ್, 44.1, ಮೋನೋ ಎಂಪಿ3. ಅಷ್ಟು ಜಾಸ್ತಿ ಯಾಕೆ ಅಂದ್ರೆ ಅದರಿಂದ ಮುಂದೆ ಚಿಕ್ಕ ಪ್ರತಿಗಳನ್ನು ತೆಗೆಯಬೇಕಾಗುತ್ತದೆ. ಮೂಲದಲ್ಲಿ ಕೈ ಬಿಗಿ ಮಾಡಬಾರದು.

ಸೆಟ್ಟಿಂಗ್‌ಗಿಂತ ಮುಖ್ಯವಾದದ್ದು ಇನ್ನೊಂದಿದೆ. ಎನ್ಕೋಡ್ ಮಾಡುವ ಮೊದಲು ಸದ್ದು ಶುಚಿ ಮಾಡಿ. ಫ್ಯಾನಿನ ಗುಂಯ್, ಕೆಳಗಿನ 80 ಹರ್ಟ್ಸ್‌ನ ಗದ್ದಲ, ಟೇಪಿನ ಹಿಸ್, ಇವಕ್ಕೂ ಕೊಡೆಕ್ ಬಿಟ್ ಖರ್ಚು ಮಾಡುತ್ತದೆ. ಅವು ಇಲ್ಲದಿದ್ದರೆ ಅಷ್ಟೂ ಬಿಟ್ ದನಿಗೆ ಸಿಗುತ್ತದೆ. ನಾನು ಒಂದೇ ಪುಟವನ್ನು ಫ್ಯಾನ್ ಹಾಕಿ, ಫ್ಯಾನ್ ನಿಲ್ಲಿಸಿ ಎರಡು ಸಲ ಓದಿ, ಎರಡನ್ನೂ ಓಪಸ್ 16ಕ್ಕೆ ಇಳಿಸಿ ನೋಡಿದ್ದೇನೆ. ಫ್ಯಾನ್ ಇಲ್ಲದ್ದು ಕೇಳಬಹುದಿತ್ತು. ಫ್ಯಾನ್ ಇದ್ದದ್ದರಲ್ಲಿ ಪ್ರತಿ ಪದದ ಕೊನೆಯೂ ಗೊರಗೊರ ಅನ್ನುತ್ತಿತ್ತು.

ಆದರೆ ಶುಚಿ ಮಾಡುವುದು ಪ್ರತಿಗೆ ಮಾತ್ರ. ಫ್ಲಾಕ್‌ನಲ್ಲಿ ಇಡುವುದು ಟೇಪಿನಿಂದ ಬಂದ ಹಾಗೆಯೇ ಇರಲಿ.

ಹಳೇಟೇಪು

ಮೋನೋ ಮಾಡುವುದು ಅಂದ್ರೆ ಎಡ ಬಲ ಎರಡನ್ನೂ ಕೂಡಿಸಿದರೆ ಆಯಿತಲ್ವಾ? ಒಂದು ಕ್ಯಾಸೆಟ್ ಹಾಗೆ ಮಾಡಿ ನೋಡಿದೆ. ದನಿ ಕಂಬಳಿ ಹೊದ್ದ ಹಾಗೆ ಮಂಕಾಯಿತು. ಇನ್ನೂ ಎನ್ಕೋಡ್ ಮಾಡಿಯೇ ಇಲ್ಲ. ವೇವ್‌ನಲ್ಲೇ ಹೀಗೆ.

ಮೂರನೇತಂತಿ

ಇದು ಕೊಡೆಕ್‌ನ ತಪ್ಪಲ್ಲ, ಟೇಪ್ ಹೆಡ್ಡಿನ ಓರೆ. ಕ್ಯಾಸೆಟ್ ಓದುವ ಹೆಡ್ಡು ಟೇಪಿಗೆ ಸರಿಯಾಗಿ ನೇರವಾಗಿಲ್ಲದಿದ್ದರೆ ಒಂದು ಚಾನೆಲ್ ಕೂದಲೆಳೆಯಷ್ಟು ಮೊದಲು ಬರುತ್ತದೆ, ಇನ್ನೊಂದು ಆಮೇಲೆ. ಬೇರೆ ಬೇರೆ ಕೇಳಿದರೆ ಗೊತ್ತಾಗುವುದಿಲ್ಲ. ಕೂಡಿಸಿದರೆ ಕೆಲವು ಆವರ್ತನ ಒಂದನ್ನೊಂದು ಹೊಡೆದುಹಾಕುತ್ತವೆ.

ಎಷ್ಟು ಸಣ್ಣ ವ್ಯತ್ಯಾಸ ಸಾಕು ಗೊತ್ತಾ? 44.1 ಕಿಲೋಹರ್ಟ್ಸ್‌ನಲ್ಲಿ ಒಂದು ಸ್ಯಾಂಪಲ್ ಅಂದ್ರೆ ಸೆಕೆಂಡಿನ ಹತ್ತು ಲಕ್ಷದ 23 ಭಾಗದಷ್ಟು ಹೊತ್ತು. ನಾಲ್ಕು ಸ್ಯಾಂಪಲ್ ಹಿಂದೆ ಮುಂದೆ ಆದರೆ 5.5 ಕಿಲೋಹರ್ಟ್ಸ್ ಸುತ್ತ ಸದ್ದು ಅಳಿಸಿಹೋಗುತ್ತದೆ. ಅಂದ್ರೆ ಸರಿಯಾಗಿ ಆ ಸ-ಕಾರದ ಜಾಗ.

ಹಾಗಾಗಿ ಕೂಡಿಸಬೇಡಿ. ಎರಡರಲ್ಲಿ ಚೆನ್ನಾಗಿರುವ ಒಂದು ಚಾನೆಲ್ ಆರಿಸಿ, ಅದನ್ನೇ ಮೋನೋ ಮಾಡಿ. ಅಥವಾ ಎಡಿಟರ್‌ನಲ್ಲಿ ಅಲೆಯನ್ನು ಹತ್ತಿರದಿಂದ ನೋಡಿ, ಒಂದನ್ನು ನಾಲ್ಕು ಸ್ಯಾಂಪಲ್ ಸರಿಸಿ, ಆಮೇಲೆ ಕೂಡಿಸಿ. ಕ್ಯಾಸೆಟ್ ಇನ್ನೂ ಚೆನ್ನಾಗಿದ್ದರೆ ಇದೆಲ್ಲಕ್ಕಿಂತ ಒಳ್ಳೆಯದು, ಪ್ಲೇಯರ್‌ನ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ತಿರುಗಿಸಿ, ಮೇಲಿನ ಸದ್ದು ಅತಿ ಸ್ಪಷ್ಟವಾಗುವ ಜಾಗದಲ್ಲಿ ನಿಲ್ಲಿಸಿ, ಮತ್ತೆ ಇಳಿಸುವುದು. ಪ್ರತಿ ಕ್ಯಾಸೆಟ್‌ಗೂ ಆ ಜಾಗ ಬೇರೆ ಇರಬಹುದು. ಅದನ್ನು ರೆಕಾರ್ಡ್ ಮಾಡಿದ ಯಂತ್ರ ಹೇಗಿತ್ತೋ ಹಾಗೆ.

ಹಳೇಟೇಪು

ಎಡ ಚಾನೆಲ್ ಮಾತ್ರ ತೆಗೆದು ಕೇಳಿದೆ. ಕಂಬಳಿ ಸರಿಯಿತು! ತುಂಬ ಥ್ಯಾಂಕ್ಸ್. ಈಗ ಹಾಡಿನ ಕಡೆ ಬರೋಣ. ತಾಳ, ತಂಬೂರಿ ಇದೆ ಅಂದೆನಲ್ಲ.

ಕಿವಿಗೊಟ್ಟವ

ನೀವು ಹೇಳಿದ ಎರಡೂ ಕೊಡೆಕ್‌ಗೆ ಕಷ್ಟ ಕೊಡುವಂಥವೇ, ಆದರೆ ಬೇರೆ ಬೇರೆ ರೀತಿ.

ತಾಳ ತಗೊಳ್ಳಿ. ಸದ್ದಿಲ್ಲ, ಸದ್ದಿಲ್ಲ, ಟಿಂಗ್! ಕೊಡೆಕ್ ತುಂಡು ತುಂಡಾಗಿ ಕೆಲಸ ಮಾಡುತ್ತದೆ ಅಂದೆನಲ್ಲ, ಆ ತುಂಡಿನಲ್ಲಿ ಆದ ತಪ್ಪು ಇಡೀ ತುಂಡಿಗೆ ಹರಡುತ್ತದೆ. ಪೆಟ್ಟಿನ ನಂತರ ಹರಡಿದ್ದು ಪೆಟ್ಟಿನ ಜೋರಿನಲ್ಲಿ ಮುಚ್ಚಿಹೋಗುತ್ತದೆ. ಪೆಟ್ಟಿಗೆ ಮುಂಚೆ ಹರಡಿದ್ದು ಮೌನದ ಮೇಲೆ ಬೀಳುತ್ತದೆ. ಆಗ ಟಿಂಗ್ ಅನ್ನುವ ಮೊದಲು "ಶ್" ಅಂತ ಒಂದು ಚೂರು ಕೇಳುತ್ತದೆ. ಇದಕ್ಕೆ ಪ್ರೀ-ಎಕೋ ಅನ್ನುತ್ತಾರೆ. ಇದನ್ನು ತಪ್ಪಿಸಲು ಎಂಪಿ3 ಪೆಟ್ಟು ಬಂದಾಗ 576ರ ತುಂಡನ್ನು 192ರ ಮೂರು ತುಂಡು ಮಾಡಿಕೊಳ್ಳುತ್ತದೆ. ಆದರೂ 192 ಅಂದ್ರೆ 4 ಮಿಲಿಸೆಕೆಂಡ್‌ಗಿಂತ ಜಾಸ್ತಿ. ಓಪಸ್‌ನಲ್ಲಿ ತುಂಡು 2.5 ಮಿಲಿಸೆಕೆಂಡ್‌ಗೆ ಇಳಿಯಬಲ್ಲದು.

ತಂಬೂರಿ ಉಲ್ಟಾ. ಅಲ್ಲಿ ಪೆಟ್ಟಿಲ್ಲ, ಹರಿವು ಇದೆ. ಒಂದೇ ತಂತಿಯಿಂದ ಹತ್ತಾರು ಮೇಲ್‌ಸ್ವರಗಳು ಸಾಲಾಗಿ ಏಳುತ್ತವೆ, ಮಿನುಗುತ್ತವೆ. ಉದ್ದ ತುಂಡಿದ್ದಷ್ಟೂ ಅಂಥ ಸ್ವರಗಳನ್ನು ಕೊಡೆಕ್ ಚೆನ್ನಾಗಿ ಬರೆಯುತ್ತದೆ. ಬಿಟ್ ಸಾಲದಿದ್ದರೆ ಆ ಮಿನುಗು ನಿಂತುಹೋಗಿ ಬರೀ ಗುಂಯ್ ಅನ್ನುತ್ತದೆ. ಗಾಯಕರ ದನಿಯ ಹಿಂದೆ ಮೆಲ್ಲಗೆ ಇರುವುದರಿಂದ "ಇದು ಯಾರಿಗೂ ಕೇಳಿಸದು" ಅಂತ ಎನ್ಕೋಡರ್ ತೀರ್ಮಾನಿಸುವ ಅಪಾಯವೂ ಇದೆ. ಆದರೆ ಹಾಡು ನಿಂತ ತಕ್ಷಣ ಕಿವಿ ಅದನ್ನೇ ಹುಡುಕುತ್ತದೆ.

ಎರಡೂ ಒಟ್ಟಿಗೆ ಬಂದಾಗ ಕಷ್ಟ. ಪೆಟ್ಟಿಗೆ ಸಣ್ಣ ತುಂಡು ಬೇಕು, ತಂಬೂರಿಗೆ ಉದ್ದ ತುಂಡು ಬೇಕು. ಇದಕ್ಕೆ ಉತ್ತರ ಒಂದೇ, ಬಿಟ್ ಜಾಸ್ತಿ ಕೊಡುವುದು. ಅದಕ್ಕೇ ಹಾಡಿಗೆ ವಿಬಿಆರ್ (ಬೇಕಾದಂತೆ ಬದಲಾಗುವ ಬಿಟ್‌ರೇಟ್) ಬಳಸಿ ಅನ್ನುತ್ತೇನೆ. ಬೇಕಾದ ಕಡೆ ಬಿಚ್ಚುಗೈ, ಬೇಡದ ಕಡೆ ಬಿಗಿಗೈ. ಎಂಪಿ3 ಮಾಡುವ ಲೇಮ್ ಎನ್ಕೋಡರ್‌ನಲ್ಲಿ ವಿ2 ಅಂತ ಕೊಟ್ಟರೆ ಸರಾಸರಿ 190 ಕೆಬಿಪಿಎಸ್ ಸುತ್ತ ಬರುತ್ತದೆ, ವಿ0 ಕೊಟ್ಟರೆ 245ರ ಸುತ್ತ. ಓಪಸ್ ಆದರೆ 128. ಎಎಸಿ ಅನ್ನುವ ಇನ್ನೊಂದು ಕೊಡೆಕ್ ಆದರೆ 160 ಅಥವಾ 192.

ಬಿಟ್‌ಬುಟ್ಟಿ

ಹಾಡಿಗಾದರೂ 320 ಕೊಟ್ಟುಬಿಡಿ. ನಾನು ವಿ2 ಫೈಲನ್ನು ಸ್ಪೆಕ್ಟ್ರಮ್‌ನಲ್ಲಿ (ಯಾವ ಆವರ್ತನ ಎಷ್ಟಿದೆ ಅಂತ ತೋರಿಸುವ ಚಿತ್ರ) ನೋಡಿದ್ದೇನೆ. 18.5 ಕಿಲೋಹರ್ಟ್ಸ್‌ನ ಮೇಲೆ ಕಪ್ಪು ಗೋಡೆ. 128 ಎಂಪಿ3ಯಲ್ಲಂತೂ 17ಕ್ಕೇ ಕತ್ತರಿ. ಕಣ್ಣಿಗೆ ಕಾಣುತ್ತಿರುವಾಗ ಇಲ್ಲ ಅನ್ನುವುದು ಹೇಗೆ?

ಕಿವಿಗೊಟ್ಟವ

ಕಂಡದ್ದು ನಿಜ. ಆದರೆ ಸಂಗೀತ ಕೇಳುವುದು ಕಿವಿಯಲ್ಲಿ. ವಯಸ್ಸಾದ ಹಾಗೆ ಮೇಲಿನ ಆವರ್ತನ ಕೇಳಿಸುವುದು ಕಡಿಮೆಯಾಗುತ್ತದೆ. 16 ಕಿಲೋಹರ್ಟ್ಸ್‌ನ ಶುದ್ಧ ಸ್ವರ ನಡುವಯಸ್ಸಿನ ತುಂಬ ಜನರಿಗೆ ಕೇಳಿಸುವುದೇ ಇಲ್ಲ. ಎಂಪಿ3ಯ ವಿನ್ಯಾಸದಲ್ಲೇ 16ರ ಮೇಲಿನ ಪಟ್ಟಿಗೆ ಪ್ರತ್ಯೇಕ ಹಿಡಿತ ಇಟ್ಟಿಲ್ಲ. ಅಲ್ಲಿ ವಿವರ ಬೇಕು ಅಂತ ಹಟ ಹಿಡಿದರೆ ಕೆಳಗಿನ ಎಲ್ಲ ಪಟ್ಟಿಗೂ ಸುಮ್ನೆ ಬಿಟ್ ಸುರಿಯಬೇಕಾಗುತ್ತದೆ. ಅದಕ್ಕೇ ಒಳ್ಳೆಯ ಎನ್ಕೋಡರ್ ಮೇಲೆ ಕತ್ತರಿಸಿ, ಕಿವಿ ಚುರುಕಾಗಿರುವ 2ರಿಂದ 5 ಕಿಲೋಹರ್ಟ್ಸ್‌ನಲ್ಲಿ ಖರ್ಚು ಮಾಡುತ್ತದೆ.

ವಾದ ಬೇಡ, ಪರೀಕ್ಷೆ ಮಾಡೋಣ. ಎಬಿಎಕ್ಸ್ ಅಂತ ಒಂದು ವಿಧಾನ ಇದೆ. ಎ ಅಂದ್ರೆ ಮೂಲ, ಬಿ ಅಂದ್ರೆ ಕುಗ್ಗಿಸಿದ್ದು, ಎಕ್ಸ್ ಇವೆರಡರಲ್ಲಿ ಯಾವುದೋ ಒಂದು. ಯಾವುದು ಅಂತ ಹೇಳಬೇಕು. ಫೂಬಾರ್2000 ಅನ್ನುವ ಪ್ಲೇಯರ್‌ಗೆ ಇದರ ಪ್ಲಗಿನ್ ಸಿಗುತ್ತದೆ. 16 ಸಲ ಮಾಡಿ. ಕಣ್ಣುಮುಚ್ಚಿ ಊಹಿಸಿದರೂ 8ರ ಹತ್ತಿರ ಸರಿಯಾಗುತ್ತದೆ. 12 ಅಥವಾ ಅದಕ್ಕಿಂತ ಜಾಸ್ತಿ ಸರಿ ಬಂದರೆ ಅದು ಬರೀ ಅದೃಷ್ಟ ಆಗಿರುವ ಸಾಧ್ಯತೆ ನೂರಕ್ಕೆ 4ರಷ್ಟು ಮಾತ್ರ. ಎರಡರ ಜೋರು ಒಂದೇ ಇರಬೇಕು. ಒಂದು ಚೂರು ಜೋರಿದ್ದರೂ ಕಿವಿ ಅದನ್ನೇ ಚೆನ್ನಾಗಿದೆ ಅನ್ನುತ್ತದೆ.

ನಾನು ಮಾಡಿದ್ದು ಹೇಳುತ್ತೇನೆ. ಎಂಟು ಸೆಕೆಂಡಿನ ತುಣುಕು, ಬರೀ ತಾಳ. 128 ಎಂಪಿ3ಯಲ್ಲಿ 16ಕ್ಕೆ 15 ಸರಿ ಹೇಳಿದೆ. ಪೆಟ್ಟಿಗೆ ಮುಂಚಿನ ಆ "ಶ್" ಒಂದು ಸಲ ಕಿವಿಗೆ ಸಿಕ್ಕಿದರೆ ಆಮೇಲೆ ಬಿಡುವುದಿಲ್ಲ. ವಿ2ನಲ್ಲಿ 16ಕ್ಕೆ 9. ಅಂದ್ರೆ ನನಗೆ ಗೊತ್ತಾಗಲಿಲ್ಲ ಅಂತಲೇ ಅರ್ಥ. ಓಪಸ್ 128ರಲ್ಲಿ 7.

ಬಿಟ್‌ಬುಟ್ಟಿ

ನನ್ನ ಬಳಿ ಇರುವ ಒಂದು ಗಾಯನದ ಮೇಲೆ ಮಾಡಿ ನೋಡಿದೆ. 320 ಮತ್ತು ವಿ2 ಎರಡರಲ್ಲೂ ಮೂಲದಿಂದ ಬೇರೆ ಅಂತ ಹೇಳಲು ಆಗಲಿಲ್ಲ. 10, 8. ಕೊನೆಯಲ್ಲಿರುವ ಚಪ್ಪಾಳೆಯಲ್ಲಿ ಮಾತ್ರ ವಿ2 ಸ್ವಲ್ಪ ಒರಟು ಅನ್ನಿಸಿತು. 16ಕ್ಕೆ 13. ಚಪ್ಪಾಳೆಗೋಸ್ಕರ 320 ಕೊಡುವುದು ನ್ಯಾಯವಲ್ಲ. ಒಪ್ಪಿದೆ.

ಕಿವಿಗೊಟ್ಟವ

ಚಪ್ಪಾಳೆ ಸಿಕ್ಕಿದ್ದು ಸರಿಯಾಗಿದೆ. ನೂರಾರು ಪೆಟ್ಟು, ಒಂದಕ್ಕೊಂದು ಸಂಬಂಧ ಇಲ್ಲ, ಎಡ ಬಲದಲ್ಲೂ ಬೇರೆ ಬೇರೆ. ಮಳೆ ಸದ್ದೂ ಹಾಗೇ. ಯಾವ ಕೊಡೆಕ್ ಆದರೂ ಅಲ್ಲಿ ಬೆವರುತ್ತದೆ.

ಹೊಸಕಿವಿ

ನಡುವೆ ಬಂದೆ, ಕ್ಷಮಿಸಿ. ನನ್ನ ಎಡಿಟರ್‌ನಲ್ಲಿ ಕಂಪ್ರೆಸರ್ ಅಂತ ಇದೆ. ಥ್ರೆಶೋಲ್ಡ್, ರೇಶಿಯೋ 3:1 ಅಂತೆಲ್ಲ ಕೇಳುತ್ತದೆ. ನೀವು ಮಾತಾಡುತ್ತಿರುವುದು ಅದೇನಾ? ಅದನ್ನು ಹಾಕಿದರೂ ಫೈಲ್ ಸಣ್ಣದಾಗುತ್ತಿಲ್ಲ.

ಓದುದನಿ

ಅದು ಬೇರೆ. ಹೆಸರು ಒಂದೇ ಆಗಿ ತುಂಬ ಜನರಿಗೆ ಹೀಗಾಗುತ್ತದೆ. ನಿಮ್ಮ ಎಡಿಟರ್‌ನ ಕಂಪ್ರೆಸರ್ ಸದ್ದಿನ ಏರಿಳಿತ ಕಡಿಮೆ ಮಾಡುತ್ತದೆ. ಜೋರಾದದ್ದನ್ನು ತಗ್ಗಿಸುತ್ತದೆ, ಆಮೇಲೆ ಒಟ್ಟಾರೆ ಎತ್ತಬಹುದು. 3:1 ಅಂದ್ರೆ ಗೆರೆ ದಾಟಿ 3 ಡೆಸಿಬಲ್ ಏರಿದ್ದು 1 ಡೆಸಿಬಲ್ ಮಾತ್ರ ಏರುತ್ತದೆ. ಫೈಲಿನ ಗಾತ್ರಕ್ಕೂ ಅದಕ್ಕೂ ಸಂಬಂಧ ಇಲ್ಲ.

ಮಾತಿಗೆ ಅದು ಒಳ್ಳೆಯದೇ, ಹಿತಮಿತವಾಗಿ. ಒಬ್ಬರು ಮೆಲ್ಲಗೆ, ಇನ್ನೊಬ್ಬರು ಜೋರಾಗಿ ಮಾತಾಡಿದ್ದನ್ನು ಸಮ ಮಾಡುತ್ತದೆ. ಹಾಡಿಗೆ ಹಾಕಬೇಡಿ ಅನ್ನುತ್ತೇನೆ. ಆಲಾಪ ಮೆಲ್ಲಗೆ ಶುರುವಾಗಿ ಏರುವುದೇ ಅದರ ಜೀವ.

ಒಂದು ಎಚ್ಚರ ಮಾತ್ರ ಎರಡಕ್ಕೂ ಸೇರಿದ್ದು. ಸದ್ದನ್ನು ತುತ್ತತುದಿಯವರೆಗೆ ಎತ್ತಿ ಎನ್ಕೋಡ್ ಮಾಡಬೇಡಿ. ಕುಗ್ಗಿಸಿ ಬಿಚ್ಚಿದಾಗ ಅಲೆಯ ತುದಿ ಸ್ವಲ್ಪ ಮೇಲೆ ಹೋಗುವುದುಂಟು. ಜಾಗ ಇಲ್ಲದಿದ್ದರೆ ಕತ್ತರಿಸಿಹೋಗಿ ಚಟ್ ಅನ್ನುತ್ತದೆ. ತುದಿಯಲ್ಲಿ 1 ಡೆಸಿಬಲ್ ಖಾಲಿ ಬಿಡಿ.

ಹಳೇಟೇಪು

ಇನ್ನು ಎರಡು ಪ್ರಶ್ನೆ ಉಳಿದಿವೆ. ಮೊದಲನೆಯದು: ಆ ಹಾಳಾದ ನಾಲ್ಕು ಎಂಪಿ3 ಇವೆಯಲ್ಲ, ಅವನ್ನು ಈಗ ಫ್ಲಾಕ್ ಮಾಡಿದರೆ ಏನಾದರೂ ಉಳಿಯುತ್ತದಾ? ಎರಡನೆಯದು: ಮುಂದಿನ ರೆಕಾರ್ಡಿಂಗ್ 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಮಾಡಬೇಕಾ? ರೆಕಾರ್ಡರ್‌ನಲ್ಲಿ ಆಯ್ಕೆ ಇದೆ.

ಮೂರನೇತಂತಿ

ಮೊದಲನೆಯದಕ್ಕೆ: ಫ್ಲಾಕ್ ಮಾಡಿದರೆ ಕೆಡುವುದೂ ಇಲ್ಲ, ಹೋದದ್ದು ಬರುವುದೂ ಇಲ್ಲ. ಫೈಲ್ ದೊಡ್ಡದಾಗುತ್ತದೆ ಅಷ್ಟೇ. ಅದರ ಮೇಲೆ "ಫ್ಲಾಕ್" ಅಂತ ನೋಡಿದವರು ಇದೇ ಶುದ್ಧ ಮೂಲ ಅಂದುಕೊಳ್ಳುವ ಅಪಾಯವೂ ಇದೆ. ಆ ಎಂಪಿ3ಗಳನ್ನು ಹಾಗೆಯೇ ಇಡಿ. ಅವೇ ಈಗ ಮೂಲ. ಅವನ್ನು ಇನ್ನೊಂದು ಎಂಪಿ3 ಅಥವಾ ಓಪಸ್‌ಗೆ ಮಾತ್ರ ತಿರುಗಿಸಬೇಡಿ. ಪ್ರತಿ ಸಲ ಕುಗ್ಗಿಸಿದಾಗಲೂ ಹೊಸ ತಪ್ಪು ಹಳೆಯ ತಪ್ಪಿನ ಮೇಲೆ ಕೂರುತ್ತದೆ. ಮಧ್ಯೆ ಕತ್ತರಿಸಬೇಕಾದರೆ ಎಂಪಿ3ಯನ್ನು ಬಿಚ್ಚದೆಯೇ ಫ್ರೇಮ್ ಲೆಕ್ಕದಲ್ಲಿ ಕತ್ತರಿಸುವ ಸಾಧನಗಳಿವೆ. ಅವನ್ನು ಬಳಸಿ.

ಹಂಚುವಾಗಲೂ ಇದೇ ಎಚ್ಚರ. ಸಂದೇಶದ ಆ್ಯಪ್‌ಗಳು ಕಳಿಸಿದ್ದನ್ನು ತಮ್ಮ ಲೆಕ್ಕದಲ್ಲಿ ಮತ್ತೆ ಕುಗ್ಗಿಸಬಹುದು. ಡಾಕ್ಯುಮೆಂಟ್ ಅಂತ ಲಗತ್ತಿಸಿ ಕಳಿಸಿದರೆ ಫೈಲ್ ಇದ್ದ ಹಾಗೇ ತಲುಪುತ್ತದೆ.

ಎರಡನೆಯದಕ್ಕೆ: ರೆಕಾರ್ಡ್ ಮಾಡುವಾಗ 24 ಬಿಟ್ ಖಂಡಿತ ಇಡಿ. 16 ಬಿಟ್‌ನಲ್ಲಿ ಸುಮಾರು 96 ಡೆಸಿಬಲ್ ವ್ಯಾಪ್ತಿ ಇದೆ, ಕೇಳಲು ಧಾರಾಳ. ಆದರೆ ರೆಕಾರ್ಡ್ ಮಾಡುವಾಗ ಎಷ್ಟು ಜೋರು ಬರುತ್ತದೋ ಗೊತ್ತಿರುವುದಿಲ್ಲ. 24 ಬಿಟ್ ಇದ್ದರೆ ಲೆವೆಲ್ ಕೆಳಗಿಟ್ಟು ನಿಶ್ಚಿಂತೆಯಿಂದ ಕೂರಬಹುದು. ಆಮೇಲೆ ಎತ್ತಿದರೂ ಕೆಳಗಿನ ಗದ್ದಲ ಮೇಲೆ ಬರುವುದಿಲ್ಲ. ಸ್ಯಾಂಪಲ್ ರೇಟ್ ಮಾತ್ರ 48 ಸಾಕು. 48 ಅಂದ್ರೆ 24 ಕಿಲೋಹರ್ಟ್ಸ್‌ವರೆಗಿನ ಸದ್ದು ಬರುತ್ತದೆ. ಕಿವಿ 20ಕ್ಕೇ ನಿಲ್ಲುತ್ತದೆ. 96 ಇಟ್ಟರೆ ಕಾರ್ಡು ಎರಡು ಪಟ್ಟು ಬೇಗ ತುಂಬುತ್ತದೆ. ಓಪಸ್ ಒಳಗೊಳಗೇ 48ರಲ್ಲಿ ಕೆಲಸ ಮಾಡುವುದರಿಂದ ಅದಕ್ಕೂ ಅನುಕೂಲ.

ಹಳೇಟೇಪು

ಎರಡು ವಾರ ಕೂತು ಕೆಲಸ ಮುಗಿಸಿದೆ. ಏನಾಯಿತು ಅಂತ ಹೇಳುತ್ತೇನೆ.

38 ಜಿಬಿ ಫ್ಲಾಕ್‌ನಲ್ಲಿ 22 ಆಯಿತು. ಎರಡು ಡಿಸ್ಕ್‌ನಲ್ಲಿ ಇಟ್ಟು, ಒಂದನ್ನು ತಂಗಿಯ ಮನೆಗೆ ಕೊಟ್ಟೆ. ಮಾತೆಲ್ಲ ಓಪಸ್ 32 ಮೋನೋ, 30 ಗಂಟೆಗೆ 430 ಎಂಬಿ ಸುತ್ತ. ಹಾಡು ಓಪಸ್ 128, 1.7 ಜಿಬಿ. ಅಪ್ಪನ ಹಳೆಯ ಪ್ಲೇಯರ್ ಓಪಸ್ ಓದಲಿಲ್ಲ. ಅವರಿಗೆ ಮಾತ್ರ ಮಾತನ್ನು ಎಂಪಿ3 64 ಮೋನೋ, ಹಾಡನ್ನು ವಿ2 ಮಾಡಿಕೊಟ್ಟೆ. ಫ್ಲಾಕ್ ಇದ್ದದ್ದರಿಂದ ಅದು ಒಂದು ಸಂಜೆಯ ಕೆಲಸ ಆಯಿತು.

ಮಾತಿನ ಫೈಲುಗಳಲ್ಲಿ ಒಂದು ವಿಷಯ ಗಮನಿಸಿದೆ. ಒಂದು ಕ್ಯಾಸೆಟ್‌ನಲ್ಲಿ ಅಜ್ಜಿ ಕತೆ ಹೇಳುತ್ತಾ ಹೇಳುತ್ತಾ ಮೆಲ್ಲಗೆ ಹಾಡಲು ಶುರು ಮಾಡುತ್ತಾರೆ. 24ರಲ್ಲಿ ಕತೆ ಚೆನ್ನಾಗಿತ್ತು. ಹಾಡಿಗೆ ಬಂದಾಗ ಎಳೆದ ಸ್ವರಗಳು ಒರಟಾದವು. 32ರಲ್ಲೂ ಸ್ವಲ್ಪ ಇತ್ತು. ಆ ಒಂದು ಕ್ಯಾಸೆಟ್ ಮಾತ್ರ 64 ಮಾಡಿದೆ. ಸರಿಹೋಯಿತು.

ಅಮ್ಮನಿಗೆ ಅದನ್ನು ಕೇಳಿಸಿದೆ. ಕತೆಯ ನಡುವೆ ಅಜ್ಜಿ ಒಂದು ಸಲ ಉಸಿರೆಳೆದುಕೊಂಡು ಸುಮ್ಮನಾಗುತ್ತಾರೆ. ಅಮ್ಮ ಅಲ್ಲಿ ನಿಲ್ಲಿಸಿ, ಹಿಂದೆ ಹಾಕಿ, ಮತ್ತೆ ಕೇಳಿದರು. ಮೂರು ಸಲ.

ಈಗ ವೇವ್ ಫೈಲುಗಳನ್ನು ಅಳಿಸಬಹುದಾ?

ಓದುದನಿ

ಒಂದು ಕೆಲಸ ಬಾಕಿ ಇದೆ. ಫ್ಲಾಕ್ ಫೈಲಿನೊಳಗೆ ಮೂಲ ಸದ್ದಿನ ಎಂಡಿ5 ಗುರುತು (ಸದ್ದಿನಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ ಅಂಕಿ) ಬರೆದಿರುತ್ತದೆ. ಫ್ಲಾಕ್‌ನ ಟೆಸ್ಟ್ ಆಯ್ಕೆ ಓಡಿಸಿದರೆ ಪ್ರತಿ ಫೈಲನ್ನೂ ಬಿಚ್ಚಿ ಆ ಗುರುತಿಗೆ ತಾಳೆ ನೋಡುತ್ತದೆ. ಎರಡು ಡಿಸ್ಕ್‌ನಲ್ಲೂ ಓಡಿಸಿ. ತಂಗಿಯ ಮನೆಯಲ್ಲಿರುವುದರ ಮೇಲೂ. ಎಲ್ಲದರ ಮುಂದೆ ಓಕೆ ಅಂತ ಬಂದ ಮೇಲೆ ಅಳಿಸಿ.

ಹಳೇಟೇಪು

ನಮ್ಮಲ್ಲಿರುವ ಡಿಸ್ಕ್ ಓಡಿಸಿದೆ. 71 ಫೈಲ್‌ನಲ್ಲಿ 70 ಓಕೆ, ಒಂದು ತಾಳೆಯಾಗಲಿಲ್ಲ. ಕಾಪಿ ಮಾಡುವಾಗ ಕೇಬಲ್ ಸಡಿಲವಾಗಿತ್ತು, ಆಗಲೇ ಹಾಳಾಗಿರಬೇಕು. ವೇವ್ ಇನ್ನೂ ಇತ್ತು, ಮತ್ತೆ ಮಾಡಿದೆ. ಈಗ ಓಕೆ. ಭಾನುವಾರ ತಂಗಿಯ ಮನೆಗೆ ಹೋಗುತ್ತಿದ್ದೇನೆ.